ಮುಡುಪಿಗೆ ಮನೆ ಹುಡುಕಿದ ಚಲಪತಿ

ಚಲಪತಿಯ ಕಾಲಿಗೆ ಚಕ್ರ ಕಟ್ಟಿದವಳು ಅವನ ಹೆಂಡತಿ ಮುನಿನಾರಾಯಣಮ್ಮ. ಅದೂ ತಾನು ಕಣ್ಣು ಮುಚ್ಚುವ ಮೂರು ದಿನ ಮುಂಚೆ.

ಅಲ್ಲಿಯವರೆಗೆ ಅವನು ತಿರುಗಾಟದ ಆಸಾಮಿಯೇ ಅಲ್ಲ. ಕಾಮಸಮುದ್ರದಿಂದ ಆಂಧ್ರದ ಗಡಿಯ ಕಡೆ ಹೋಗುವ ರಸ್ತೆಯಲ್ಲಿ ಅವನ ಊರು. ಊರಿನ ಹಾಲಿನ ಡೈರಿಯಲ್ಲಿ ಮೂವತ್ತು ವರ್ಷ ಹಾಲು ಪರೀಕ್ಷೆ ಮಾಡಿದವನು. ಬೆಳಿಗ್ಗೆ ಆರಕ್ಕೆ, ಸಂಜೆ ಐದೂವರೆಗೆ, ಊರಿನ ಕ್ಯಾನುಗಳೆಲ್ಲ ಅವನ ಮುಂದೆ ಸಾಲು ನಿಲ್ಲುತ್ತಿದ್ದವು. ಗಾಜಿನ ಲ್ಯಾಕ್ಟೋಮೀಟರನ್ನು ಹಾಲಿಗೆ ಇಳಿಬಿಟ್ಟು, ಒಂದು ಕಣ್ಣು ಮುಚ್ಚಿ, ಅದು ಎಲ್ಲಿ ನಿಂತಿತು ಎಂದು ನೋಡಿ ಡಿಗ್ರಿ ಕೂಗುತ್ತಿದ್ದ. ಇಪ್ಪತ್ತೆಂಟು ಬಂದರೆ ಒಳ್ಳೆಯ ಹಾಲು. ಇಪ್ಪತ್ತಾರಕ್ಕಿಂತ ಕೆಳಗೆ ಇಳಿಯಿತೋ, ಅವನ ಹುಬ್ಬು ಮೇಲೇರುತ್ತಿತ್ತು. ಎಸ್ಸೆಸ್ಸೆಲ್ಸಿಯಲ್ಲಿ ಎರಡು ಸಲ ಡುಮ್ಕಿ ಹೊಡೆದವನಿಗೆ ಊರಿನವರು ‘ಡಿಗ್ರಿ ಚಲಪತಿ’ ಎಂದು ಹೆಸರಿಟ್ಟದ್ದು ಹೀಗೆ.

ಹಾಲು ತೆಳ್ಳಗಿದ್ದರೆ ಅವನು ಸುಮ್ಮನೆ ವಾಪಸ್ಸು ಕಳಿಸುವವನಲ್ಲ. ಸಾಲಿನಲ್ಲಿದ್ದವರಿಗೆಲ್ಲ ಕೇಳುವ ಹಾಗೆ ‘ನೀರು!’ ಎಂದು ಕೂಗಿ ಚರಂಡಿಗೆ ಚೆಲ್ಲಿಸುತ್ತಿದ್ದ. ಒಬ್ಬರ ಹಾಲು ಚೆಲ್ಲಿದರೆ ಹತ್ತು ಜನ ನೆಟ್ಟಗಾಗುತ್ತಾರೆ ಎಂಬುದು ಅವನ ಲೆಕ್ಕ. ಸ್ವಂತ ಬಾಮೈದನ ಹಾಲನ್ನೇ ಚೆಲ್ಲಿಸಿದ್ದ. ಬಾಮೈದ ಮಗಳ ಮದುವೆಗೆ ಕರೆಯಲಿಲ್ಲ. ಚಲಪತಿಗೆ ಅದೂ ಒಂದು ಬಿರುದಿನಂತೆಯೇ ಕಂಡಿತು. ‘ಬೆಳ್ಳಗಿರೋದೆಲ್ಲ ಹಾಲಲ್ಲ’ ಎಂಬ ಗಾದೆಯನ್ನು ತಾನೇ ಕಟ್ಟಿದವನ ಹಾಗೆ ದಿನಕ್ಕೆರಡು ಸಲ ಹೇಳುತ್ತಿದ್ದ.

ನ್ಯಾಯವಾಗಿ ಇನ್ನೊಂದು ಕ್ರಮವೂ ಇತ್ತು. ಅನುಮಾನ ಬಂದರೆ ಪರೀಕ್ಷೆ ಮಾಡುವವನು ಆ ಮನೆಯ ಕೊಟ್ಟಿಗೆಗೇ ಹೋಗಿ, ಕಣ್ಣೆದುರಿಗೆ ಹಾಲು ಕರೆಸಿ, ಮತ್ತೊಮ್ಮೆ ಅದ್ದಿ ನೋಡಬೇಕು. ಮೂವತ್ತು ವರ್ಷದಲ್ಲಿ ಚಲಪತಿ ಕೊಟ್ಟಿಗೆ ಪರೀಕ್ಷೆ ಮಾಡಿದ್ದು ಎರಡೇ ಸಲ. ಎರಡೂ ಸಲ ದೊಡ್ಡವರ ಮನೆಯಲ್ಲಿ. ಅವರು ಕೂಗಾಡಿದ್ದರು, ಇವನು ಹೋಗಿದ್ದ.

ನಿವೃತ್ತನಾದ ಮರುವರ್ಷವೇ ಮುನಿನಾರಾಯಣಮ್ಮ ಹಾಸಿಗೆ ಹಿಡಿದಳು. ಮನೆಯಲ್ಲಿ ನಾಲ್ಕು ಹಸು. ಅದರಲ್ಲಿ ಒಂದರ ಹಾಲಿನ ದುಡ್ಡು ಮಾತ್ರ ತನ್ನದೆಂದು ಅವಳು ಮೊದಲಿನಿಂದಲೂ ಹಟ ಹಿಡಿದಿದ್ದಳು. ಆ ದುಡ್ಡನ್ನು ಅರಿಶಿನದ ಬಟ್ಟೆಯಲ್ಲಿ ಗಂಟು ಕಟ್ಟಿ ದೇವರ ಗೂಡಿನಲ್ಲಿ ಇಡುತ್ತಿದ್ದಳು. ತಿರುಪತಿಗೆ ಕಟ್ಟಿದ ಮುಡುಪು ಎಂದೇ ಚಲಪತಿ ತಿಳಿದಿದ್ದ. ಸಾಯುವ ಮೂರು ದಿನ ಮುಂಚೆ ಅವಳು ಆ ಗಂಟನ್ನು ತರಿಸಿ ಅವನ ಕೈಗಿಟ್ಟಳು.

‘ಇದು ಬೆಟ್ಟದ ಮುಡುಪಲ್ಲ ಕಣ್ರೀ. ಬೆಟ್ಟದಾತನಿಗೆ ಕೊಡೋರು ಬೇಕಾದಷ್ಟು ಜನ ಅವ್ರೆ. ಹೊಟ್ಟೆಗೆ ಕಮ್ಮಿ ಇರೋ ಮಕ್ಕಳಿರ್ತಾವಲ್ಲ, ಅಂಥ ಕಡೆ ಕೊಡಿ. ನನ್ ವರ್ಸದ ಎಡೆ ಇಕ್ಕೋಕೆ ಮುಂಚೆ ಕೊಟ್ಟುಬಿಡಿ.’

‘ಎಲ್ಲಿಗೆ ಅಂತ ಏಳೇ.’

‘ನೀವೇ ನೋಡಿ ಕೊಡಿ. ನೋಡಿ ಕೊಡಿ’ ಎಂದಳು. ಎರಡನೆಯ ಸಲ ‘ನೋಡಿ’ ಎನ್ನುವಾಗ ಅವಳು ಅವನ ಮುಖವನ್ನು ಸ್ವಲ್ಪ ಹೊತ್ತು ದಿಟ್ಟಿಸಿದಳು. ಕಣ್ಣು ಮಂಜಾಗಿರಬೇಕು ಎಂದುಕೊಂಡ.

ಗಂಟಿನಲ್ಲಿ ನಲವತ್ತು ಸಾವಿರದ ಮೇಲೆ ಚಿಲ್ಲರೆ ಇತ್ತು. ತನ್ನದಾಗಿದ್ದರೆ ಒಂದೇ ದಿನದಲ್ಲಿ ಯಾರಿಗಾದರೂ ಕೊಟ್ಟು ಕೈ ತೊಳೆದುಕೊಳ್ಳುತ್ತಿದ್ದ. ಇದು ಅವಳದು. ಮೋಸಗಾರನ ಕೈಗೆ ಸೇರಿದರೆ ಅವಳ ಮೂವತ್ತು ವರ್ಷದ ಹಾಲನ್ನು ತಾನೇ ಚರಂಡಿಗೆ ಚೆಲ್ಲಿದ ಹಾಗೆ. ಆ ಯೋಚನೆ ಬಂದಾಗಿನಿಂದ ಅವನು ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ಬೆಳಿಗ್ಗೆ ಟಿವಿಎಸ್ ಗಾಡಿ ತೆಗೆದರೆ ಊಟದ ಹೊತ್ತಿಗೂ ಮನೆಗೆ ಬರುವುದು ಖಾತ್ರಿ ಇರಲಿಲ್ಲ. ಷರಟಿನ ಜೇಬಿನಲ್ಲಿ ಬಟ್ಟೆ ಸುತ್ತಿದ ಹಳೆಯ ಲ್ಯಾಕ್ಟೋಮೀಟರು.

‘ಮಾವ, ಇವತ್ತೆಲ್ಲಿಗೆ?’ ಎಂದು ಸೊಸೆ ವನಿತಾ ಕೇಳುತ್ತಿದ್ದಳು.

‘ಒಂದು ಮನೆ ನೋಡೋದೈತೆ ಕಣಮ್ಮ.’

‘ನಿಮ್ ಮಗ ನನ್ನ ನೋಡೋಕೆ ಬಂದಿದ್ದು ಒಂದೇ ಸಲ. ಅರ್ಧ ಗಂಟೇಲಿ ಒಪ್ಕೊಂಡ್ರು. ನಿಮ್ದೇನು ಮಾವ, ಇಷ್ಟು ದಿನ!’

ಸೊಸೆ ನಗುತ್ತಿದ್ದಳು, ಅವನಿಗೆ ನಗು ಬರುತ್ತಿರಲಿಲ್ಲ. ಪಾತ್ರ ಅರಿತು ದಾನ ಮಾಡು ಎಂದಿದ್ದಾರೆ ಹಿರಿಯರು. ಪಾತ್ರ ಅರಿಯುವುದು ಹೇಗೆ ಎಂದು ಅವರೇನೂ ಹೇಳಿಹೋಗಿಲ್ಲ.

ಮೊದಲು ನೋಡಿದ್ದು ಒಂದು ಗೋಶಾಲೆ. ಮೇಲ್ವಿಚಾರಕ ಗೋಡೆಯ ಮೇಲಿನ ಫೋಟೋಗಳನ್ನು ತೋರಿಸುತ್ತ ನೂರು ಹಸುಗಳ ಕಥೆ ಹೇಳಿದ. ಇದ್ದದ್ದು ಹತ್ತೊಂಬತ್ತು. ಚಲಪತಿ ಫೋಟೋ ನೋಡಲಿಲ್ಲ, ಬಗ್ಗಿ ಸಗಣಿ ನೋಡಿದ. ಹಸಿಹುಲ್ಲು ತಿಂದ ಹಸುವಿನ ಸಗಣಿಯೇ ಬೇರೆ. ಗೋಡೆಗೆ ಬಣ್ಣ ಬಳಿಯಲು ದುಡ್ಡಿದೆ, ಹುಲ್ಲಿಗೆ ಇಲ್ಲ ಎಂದು ಅವನಿಗೆ ಎರಡೇ ನಿಮಿಷದಲ್ಲಿ ತಿಳಿಯಿತು. ‘ಮೊದ್ಲು ಇವುಕ್ಕೆ ಮೇವು ಆಕಪ್ಪಾ’ ಎಂದು ಹೇಳಿ ಬಂದ. ಅಲ್ಲಿ ಅವನು ತಪ್ಪಲಿಲ್ಲ, ಅದನ್ನು ಒಪ್ಪಬೇಕು.

ಆಮೇಲೆ ಬೆಂಗಳೂರಿನಿಂದ ಒಂದು ಹುಡುಗಿ ಫೋನು ಮಾಡಿದಳು. ಒಂದು ಮಗುವಿನ ಹೃದಯದ ಆಪರೇಷನ್ನಿಗೆ ಸಹಾಯ ಬೇಕಂತೆ. ಚಲಪತಿ ರಸ್ತೆ ಬದಿಯಲ್ಲಿ ಗಾಡಿ ನಿಲ್ಲಿಸಿ ಶುರುಮಾಡಿದ.

‘ಮಗೂ ಎಸ್ರೇನಮ್ಮ? ಯಾವೂರು? ನೀನು ಆ ಮಗೂನ ಕಣ್ಣಾರೆ ನೋಡಿದ್ದೀಯಾ? ನಾನೊಂದು ರೂಪಾಯಿ ಕೊಟ್ರೆ ಮಗೂಗೆಷ್ಟು ಓಯ್ತದೆ, ನಿಂಗೆಷ್ಟು?’

‘ಸರ್, ನಮಗೆ ದಿನಕ್ಕೆ ಇಷ್ಟು ಫೋನ್ ಅಂತ ಇರುತ್ತೆ. ಕೊಡೋದಿದ್ರೆ ಕೊಡಿ ಸರ್’ ಎಂದವಳ ದನಿ ಅಳುವ ಹಾಗಾಯಿತು. ಫೋನು ಇಟ್ಟಳು. ಸರಿಯಾಗಿ ಹಿಡಿದೆ ಎಂದು ಚಲಪತಿ ಬೀಗಿದ. ಆದರೆ ಅರ್ಧ ಮೈಲಿ ಹೋಗುವಷ್ಟರಲ್ಲಿ ಮತ್ತೆ ಗಾಡಿ ನಿಲ್ಲಿಸಿದ. ಆ ಮಗು ನಿಜವಾಗಿಯೂ ಇದ್ದರೆ? ಅದೇ ನಂಬರಿಗೆ ಮೂರು ಸಲ ಫೋನು ಮಾಡಿದ. ಯಾರೂ ಎತ್ತಲಿಲ್ಲ.

ಬಂಗಾರಪೇಟೆ ರಸ್ತೆಯ ದೊಡ್ಡ ಅನಾಥಾಶ್ರಮದಲ್ಲಿ ಅವನಿಗೆ ಶಾಲು ಹೊದಿಸಿದರು. ಇನ್ನೂ ಒಂದು ಪೈಸೆ ಕೊಟ್ಟಿಲ್ಲ, ಆಗಲೇ ಹಾರ. ಇಸ್ತ್ರಿ ಮಾಡಿದ ಬಟ್ಟೆಯ ಮಕ್ಕಳು ಸಾಲಾಗಿ ನಿಂತು ಪ್ರಾರ್ಥನೆ ಹಾಡಿದವು. ಅಡುಗೆಮನೆಯಲ್ಲಿ ಹಾಲು ಅದ್ದಿ ನೋಡಿದ: ಇಪ್ಪತ್ತೆಂಟು. ಡೈರಿಯಲ್ಲಾದರೆ ಶಹಬ್ಬಾಸ್ ಎನ್ನುತ್ತಿದ್ದ. ಆದರೂ ಕೈ ಮುಡುಪಿನ ಕಡೆ ಹೋಗಲಿಲ್ಲ. ಹಾಡುವ ಮಕ್ಕಳಲ್ಲಿ ಒಂದೂ ಪಕ್ಕದ್ದನ್ನು ಚಿವುಟಲಿಲ್ಲ, ಒಂದೂ ನಗಲಿಲ್ಲ. ಅದೊಂದು ಅವನಿಗೆ ಇರಿಸುಮುರಿಸಾಯಿತು. ‘ಯೋಚ್ನೆ ಮಾಡಿ ಬತ್ತೀನಿ’ ಎಂದು ಶಾಲು ಮಡಚಿ ಅಲ್ಲೇ ಕುರ್ಚಿಯ ಮೇಲಿಟ್ಟು ಬಂದ.

ಹೀಗೆ ಅಳೆದೂ ಸುರಿದೂ ಹತ್ತು ತಿಂಗಳು ಕಳೆಯಿತು. ಮುಡುಪು ಇದ್ದಲ್ಲೇ ಇತ್ತು. ಊರಿನ ಪಕ್ಕದ ಹಸಿದ ಮಕ್ಕಳು ಇವನ ತೀರ್ಪಿಗೆ ಕಾದುಕೊಂಡಿರಲಿಲ್ಲ, ಪಾಪ, ಹಸಿದೇ ಇದ್ದವು.

ರಾಬರ್ಟ್‌ಸನ್‌ಪೇಟೆಯಲ್ಲಿ ಕುಪ್ಪುಸ್ವಾಮಿಯ ಬೇಕರಿ ಇದೆ. ಚಲಪತಿಗೆ ಅವನು ಡೈರಿಯ ಕಾಲದ ಸ್ನೇಹಿತ, ಖೋವಾಕ್ಕೆ ಹಾಲು ಒಯ್ಯುತ್ತಿದ್ದವನು. ಈ ಅಲೆದಾಟ ನೋಡಿ ಅವನಿಗೇ ಬೇಸರ ಬಂತು.

‘ಎನ್ನಪ್ಪಾ ಚಲಪತಿ, ದಾನ ಕೊಟ್ಟ ಹಸು ಹಲ್ಲು ಎಣಿಸ್ತಾರೆ ಅಂತ ಕೇಳಿದ್ದೆ. ನೀನು ತಗೊಳ್ಳೋರ ಹಲ್ಲು ಎಣಿಸ್ತಾ ಇದ್ದೀಯ! ಮಾರಿಕುಪ್ಪಂನಲ್ಲಿ ಶ್ಯಾಮಲಾ ಅಂತ ಒಂದು ಹೆಣ್ಣುಮಗಳು ಇದಾಳೆ. ಹೋಗಿ ನೋಡು. ನಾನು ದಿನಾ ಅವಳಿಗೆ ಇಪ್ಪತ್ತೈದು ಬನ್ನು ಕಳಿಸ್ತೀನಿ.’

ಮಾರಿಕುಪ್ಪಂನಿಂದ ನಸುಕಿನ ರೈಲಿಗೆ ಬೆಂಗಳೂರಿಗೆ ಹೋಗುವ ಹೆಂಗಸರು ನೂರಾರು. ಗಾರ್ಮೆಂಟ್ಸು, ಆಫೀಸು ಗುಡಿಸುವುದು, ಮನೆಗೆಲಸ. ವಾಪಸ್ಸು ಬರುವಾಗ ಕತ್ತಲಾಗಿರುತ್ತದೆ. ಸ್ಕೂಲು ಬಿಟ್ಟ ಮಕ್ಕಳಿಗೆ ಬೀಗ ಹಾಕಿದ ಬಾಗಿಲು. ಶ್ಯಾಮಲಾ ಹನ್ನೆರಡು ವರ್ಷ ಅದೇ ರೈಲಿನಲ್ಲಿ ಹೋಗಿ ಬಂದವಳು. ಮೊಣಕಾಲು ಕೈಕೊಟ್ಟ ಮೇಲೆ ಕೆಲಸ ಬಿಟ್ಟು, ಗಣಿ ಕಾರ್ಮಿಕರಿಗೆಂದು ಸಾಲಾಗಿ ಕಟ್ಟಿದ್ದ ತನ್ನ ಹಳೆಯ ಲೈನ್‌ಮನೆಯಲ್ಲೇ ಸಂಜೆ ಹೊತ್ತು ಈ ಮಕ್ಕಳನ್ನು ಕೂಡಿಸಿಕೊಳ್ಳುತ್ತಾಳೆ. ಒಂದು ಪುಟ್ಟ ಲೋಟ ಹಾಲು, ಒಂದು ಬನ್ನು, ಪಾಠ, ಜಗಳ. ತಾಯಂದಿರು ಕೈಲಾದಾಗ ಕೈಲಾದಷ್ಟು ಕೊಡುತ್ತಾರೆ. ಬೋರ್ಡಿಲ್ಲ, ರಸೀದಿ ಪುಸ್ತಕವಿಲ್ಲ.

ಚಲಪತಿ ಹೋದಾಗ ಇಪ್ಪತ್ತೆರಡು ಮಕ್ಕಳು ಒಂದು ಕೋಣೆಯಲ್ಲಿ ಇಪ್ಪತ್ತೆರಡು ಥರ ಗಲಾಟೆ ಮಾಡುತ್ತಿದ್ದವು. ಮನಸ್ಸು ತುಸು ಹಗುರಾಯಿತು. ಇಲ್ಲಿಗೇ ಕೊಟ್ಟುಬಿಡೋಣ ಎಂದು ಕೂಡ ಅನ್ನಿಸಿತು. ಆದರೆ ಹುಟ್ಟುಗುಣ ಬಿಡಬೇಕಲ್ಲ! ಮೂಲೆಯಲ್ಲಿ ಕಾಯಿಸದ ಹಾಲಿನ ಕ್ಯಾನಿತ್ತು. ಉದ್ದನೆಯ ಚೊಂಬೊಂದಕ್ಕೆ ಬಗ್ಗಿಸಿಕೊಂಡು ಅದ್ದಿದ. ಇಪ್ಪತ್ನಾಲ್ಕು.

‘ನೀರು!’ ಎಂದ. ಡೈರಿಯಲ್ಲಿ ಕೂಗುತ್ತಿದ್ದ ಹಾಗೆಯೇ ಕೂಗಿದ. ಗಲಾಟೆ ನಿಂತುಹೋಯಿತು.

‘ಅಣ್ಣ, ನಾವು ನೀರು ಹಾಕಿಲ್ಲ. ಒಬ್ಬರು ಅಜ್ಜಿ ತಂದುಕೊಡ್ತಾರೆ, ಅದೂ...’ ಎಂದು ಶ್ಯಾಮಲಾ ಹೇಳಹೊರಟಳು.

‘ಅಜ್ಜಿ ಆಕಿದ್ರೇನು, ನೀನು ಆಕಿದ್ರೇನು? ಮಕ್ಕಳ ಬಾಯಿಗೆ ಓಗೋದು ನೀರೇ ತಾನೆ?’

ಅಷ್ಟಕ್ಕೇ ನಿಲ್ಲಿಸಿದ್ದರೆ ಪುಣ್ಯ. ಹೋಗುವಾಗ ಬೇಕರಿಗೆ ನುಗ್ಗಿ ಕುಪ್ಪುಸ್ವಾಮಿಗೂ ಹೇಳಿದ. ಡಿಗ್ರಿ ಚಲಪತಿಯ ಮಾತೆಂದರೆ ಹಾಲಿನ ವಿಷಯದಲ್ಲಿ ಕೋರ್ಟಿನ ತೀರ್ಪು. ಮರುದಿನದಿಂದ ಬನ್ನು ನಿಂತಿತು.

ಎರಡು ತಿಂಗಳು ಹೀಗೇ ಕಳೆಯಿತು. ವರ್ಷದ ಎಡೆಗೆ ಒಂದೇ ದಿನ ಉಳಿಯಿತು. ಚಲಪತಿಯ ಕಣ್ಣಿಗೆ ನಿದ್ದೆ ಹತ್ತದೆ ವಾರವಾಗಿತ್ತು. ಕೊನೆಗೆ ಇಪ್ಪತ್ತೆಂಟು ಡಿಗ್ರಿಯ ಆಶ್ರಮಕ್ಕೇ ಕೊಡುವುದೆಂದು ಗಟ್ಟಿ ಮಾಡಿ, ಮುಡುಪನ್ನು ಚೀಲದಲ್ಲಿಟ್ಟುಕೊಂಡು ಹೊರಟ. ಗಟ್ಟಿ ಮಾಡಿದವನು ನೆಟ್ಟಗೆ ಬಂಗಾರಪೇಟೆ ರಸ್ತೆ ಹಿಡಿಯಬೇಕಲ್ಲ? ಗಾಡಿ ರಾಬರ್ಟ್‌ಸನ್‌ಪೇಟೆಗೆ ಬಂದು ಬೇಕರಿಯ ಮುಂದೆ ನಿಂತಿತು. ಯಾರಾದರೂ ‘ಸರಿ’ ಎನ್ನಲಿ ಎಂದು ಅವನ ಆಸೆ.

ಬೇಕರಿಯಲ್ಲಿ ಶ್ಯಾಮಲಾ ನಿಂತಿದ್ದಳು. ದುಡ್ಡು ಕೊಟ್ಟು ಹನ್ನೊಂದು ಬನ್ನು ಕಟ್ಟಿಸಿಕೊಳ್ಳುತ್ತಿದ್ದಳು. ಇಪ್ಪತ್ತೆರಡು ಮಕ್ಕಳಿಗೆ ಅರ್ಧರ್ಧ. ಇವನನ್ನು ನೋಡಿ ಅವಳು ಮುಖ ತಿರುಗಿಸಲಿಲ್ಲ. ಹತ್ತಿರ ಬಂದಳು.

‘ಅಣ್ಣ, ನೀವು ದುಡ್ಡು ಕೊಡದಿದ್ರೆ ಬೇಡ. ಬನ್ನು ನಿಲ್ಲಿಸಿದ್ರಿ, ಅದೂ ಹೋಗ್ಲಿ. ಈಗ ಮಕ್ಕಳು ಲೋಟ ಎತ್ತಿ ನೋಡಿ, ಅಕ್ಕ ಇದರಲ್ಲಿ ನೀರೈತಾ ಅಂತ ಕೇಳ್ತಾವೆ. ನನಗೆ ಹೇಳೋಕೆ ಏನೂ ತೋಚಲ್ಲ. ಒಂದೇ ಕೇಳ್ಕೋತೀನಿ. ಇನ್ನು ಒಂದು ಗಂಟೆಗೆ ಆ ಅಜ್ಜಿ ಹಾಲು ಕರೀತಾರೆ. ಬಂದು ಕಣ್ಣಾರೆ ನೋಡಿ.’

‘ನಡಿಯಮ್ಮ’ ಎಂದ ಚಲಪತಿ. ತಾನು ಸೋಲುವುದಿಲ್ಲವೆಂದು ಅವನಿಗೆ ಖಾತ್ರಿಯಿತ್ತು.

ಲೈನ್‌ಮನೆಗಳ ಹಿಂದಿನ ಇಳಿಜಾರಿನಲ್ಲಿ ಒಂದು ತಗಡಿನ ಕೊಟ್ಟಿಗೆ. ಮುಂದೆ ಕೂತು ರಾಗಿಹುಲ್ಲು ಬಿಡಿಸುತ್ತಿದ್ದ ಮುದುಕಿ ತಲೆಯೆತ್ತಿದಳು. ಚಲಪತಿಯ ಕಾಲು ಅಲ್ಲೇ ನಿಂತುಬಿಟ್ಟಿತು.

ಪೆದ್ದಮ್ಮ. ಅವನದೇ ಊರಿನವಳು. ಆರು ವರ್ಷದ ಹಿಂದೆ ಡೈರಿಯಲ್ಲಿ ಅವಳ ಹಾಲು ಮೂರು ದಿನ ಒಂದೇ ಸಮ ಇಪ್ಪತ್ನಾಲ್ಕು ಬಂದಿತ್ತು. ಮೂರನೆಯ ದಿನ ಇವನು ‘ನೀರು!’ ಎಂದು ಕೂಗಿ ಕ್ಯಾನು ಬೋರಲು ಹಾಕಿಸಿದ್ದ. ನಾಳೆಯಿಂದ ಬರಬೇಡ ಎಂದಿದ್ದ. ತಿಂಗಳೊಳಗೆ ಅವಳು ಹಸು ಹೊಡೆದುಕೊಂಡು ಊರು ಬಿಟ್ಟಳು. ಕಳ್ಳತನ ಸಿಕ್ಕಿಬಿತ್ತಲ್ಲ, ಮುಖ ತೋರಿಸಲಾರದೆ ಹೋದಳು ಎಂದು ಇವನೇ ನಾಲ್ಕು ಜನರ ಮುಂದೆ ಹೇಳಿದ್ದ.

‘ಯಾರು, ಡಿಗ್ರಿ ಚಲಪತಿನಾ? ರಾ ನಾಯನಾ, ರಾ’ ಎಂದಳು ಪೆದ್ದಮ್ಮ. ಬಾ ಎಂದು ಕರೆದ ದನಿಯಲ್ಲಿ ಕೋಪವೂ ಇರಲಿಲ್ಲ, ಸಲಿಗೆಯೂ ಇರಲಿಲ್ಲ.

ಶ್ಯಾಮಲಾ ಬಂದ ವಿಷಯ ಹೇಳಿದಳು. ಮುದುಕಿ ಸುಮ್ಮನೆ ಎದ್ದು ಪಾತ್ರೆಯನ್ನು ಚಲಪತಿಯ ಕೈಗೇ ಕೊಟ್ಟಳು. ಅವನು ತೊಳೆದು, ಬೋರಲು ಹಾಕಿ, ತಳ ತಡವಿ ನೋಡಿದ. ಅವಳು ಎರಡೂ ಕೈ ಮೇಲೆತ್ತಿ, ‘ಸೆರಗಲ್ಲಿ ಏನಾನ ಬಚ್ಚಿಟ್ಟಿದ್ದೀನಾ ನೋಡ್ಕೋ’ ಎಂದಳು. ಚಲಪತಿ ಬೇರೆ ಕಡೆ ನೋಡಿದ.

ಅವಳು ಕರೆದಳು. ಎರಡು ಲೀಟರಿಗೂ ಕಡಿಮೆ. ಕರೆದ ಕೂಡಲೇ ಅದ್ದುವ ಹಾಗಿಲ್ಲ, ನೊರೆ ಇಳಿದು ಹಾಲು ತಣಿಯಬೇಕು. ಅದು ಹಾಲಿನ ಕಸುಬಿನವರಿಗೆಲ್ಲ ಗೊತ್ತು. ಆ ಅರ್ಧ ಗಂಟೆ ಚಲಪತಿ ಕಲ್ಲಿನ ಮೇಲೆ ಕೂತ, ಎದ್ದ, ಮತ್ತೆ ಕೂತ. ನೋಡಲು ಹಸು ಬಿಟ್ಟರೆ ಬೇರೇನೂ ಇರಲಿಲ್ಲ. ಪಕ್ಕೆಲುಬು ಎದ್ದಿತ್ತು. ಚರ್ಮಕ್ಕೆ ಹೊಳಪಿಲ್ಲ. ಗೋದಲಿಯಲ್ಲಿ ಒಣ ರಾಗಿಹುಲ್ಲು, ಬರೀ ಒಣಹುಲ್ಲು. ಹಿಂಡಿಯಿಲ್ಲ, ಬೂಸಾ ಇಲ್ಲ, ಹಸಿರು ಒಂದು ಕಡ್ಡಿಯಿಲ್ಲ. ಹೊಟ್ಟೆಗಿಲ್ಲದ ಹಸುವಿನ ಹಾಲು ತೆಳ್ಳಗಾಗುತ್ತದೆ. ಅದಕ್ಕೆ ಯಾರೂ ನೀರು ಸೇರಿಸಬೇಕಾಗಿಲ್ಲ. ಇದೂ ಅವನಿಗೆ ಗೊತ್ತಿದ್ದದ್ದೇ, ಕೆಲಸಕ್ಕೆ ಸೇರಿದಾಗ ತರಬೇತಿಯ ಮೊದಲ ವಾರದಲ್ಲೇ ಹೇಳಿಕೊಟ್ಟಿದ್ದರು.

ಅದ್ದಿದ. ಲ್ಯಾಕ್ಟೋಮೀಟರು ಎರಡು ಸಲ ಮೇಲೆ ಕೆಳಗೆ ಆಡಿ ನಿಂತಿತು.

‘ಎಷ್ಟು ಬಂತು?’ ಎಂದಳು ಪೆದ್ದಮ್ಮ.

‘ಇಪ್ಪತ್ನಾಲ್ಕು.’

‘ಅವತ್ತೂ ಅಷ್ಟೇ ಅಲ್ವಾ.’

ಚಲಪತಿ ಲ್ಯಾಕ್ಟೋಮೀಟರನ್ನು ತೆಗೆದು ಬಟ್ಟೆಯಲ್ಲಿ ಒರೆಸತೊಡಗಿದ.

‘ಅದೇ ವರ್ಸ ಡೈರಿ ಅಧ್ಯಕ್ಷರ ಮನೆ ಹಾಲೂ ಕಮ್ಮಿ ಬಂದಿತ್ತು. ಅವ್ರ ಕೊಟ್ಟಿಗೆಗೆ ಓಗಿ ಕರೆಸಿ ನೋಡಿದ್ಯಲ್ಲ ನಾಯನಾ. ನನ್ ಕೊಟ್ಟಿಗೆ ಡೈರಿಯಿಂದ ನಾಕು ಮನೆ ಆಚೆ ಇತ್ತು. ನಾಕೇ ಮನೆ.’

ಅವಳು ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಅವಳು ಹುಲ್ಲು ಬಿಡಿಸುತ್ತ ಹವಾಮಾನದ ಸುದ್ದಿಯ ಹಾಗೆ ಹೇಳಿದಳು. ಚಲಪತಿಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು.

‘ಅಜ್ಜಿ ಈ ಹಾಲಿಗೆ ಒಂದು ಕಾಸೂ ತಗೊಳ್ಳಲ್ಲ ಅಣ್ಣ’ ಎಂದಳು ಶ್ಯಾಮಲಾ. ‘ಅವತ್ತು ಅದನ್ನೇ ಹೇಳೋಕೆ ಬಂದೆ.’

‘ಮೊದ್ಲು ಎದ್ರಿಕೆಗೆ ಪುಕ್ಕಟೆ ಕೊಟ್ಟೆ’ ಎಂದಳು ಪೆದ್ದಮ್ಮ. ‘ನೀರು ಹಾಲಿನೋಳು ಅಂತ ಎಸ್ರು ಬಿದ್ದಿತ್ತಲ್ಲ, ಯಾವ ಮುಖ ಇಟ್ಕೊಂಡು ದುಡ್ಡು ಕೇಳಲಿ? ಆಮೇಲೆ ಮಕ್ಕಳು ಅಭ್ಯಾಸ ಆಗೋದ್ವು. ನಂಗೇನು, ಪಿಂಚಣಿ ಬತ್ತದೆ, ಒಂದು ಹೊಟ್ಟೆ.’

ಚಲಪತಿ ಚೀಲಕ್ಕೆ ಕೈಹಾಕಿ ಹಳದಿ ಗಂಟನ್ನು ತೆಗೆದು ಅವಳ ಮುಂದಿಟ್ಟ. ಯಾರದೆಂದು, ಯಾಕೆಂದು ತೊದಲುತ್ತ ಹೇಳಿದ. ಪೆದ್ದಮ್ಮ ಗಂಟನ್ನು ಮುಟ್ಟಲಿಲ್ಲ.

‘ಮುನಿನಾರಾಯಣಮ್ಮ ಓಗ್ಬಿಟ್ಲಾ?’ ಎಂದು ಕೇಳಿ, ಸೆರಗಿನಿಂದ ಕಣ್ಣೊರೆಸಿಕೊಂಡಳು. ‘ಹಾಲು ಚೆಲ್ಲಿಸಿದ ದಿನ ಸಾಯಂಕಾಲ ನನ್ ತಾವ ಬಂದಿದ್ಲು. ನೀರಿಲ್ಲ ಅಂತ ನಂಗೊತ್ತು ಪೆದ್ದಮ್ಮಾ ಅಂದ್ಲು. ಅವ್ರಿಗೆ ಏಳೋಕೆ ನಂಗೆ ಧೈರ್ಯ ಇಲ್ಲ ಅಂದ್ಲು. ಕೂತ್ಕೊಂಡು ಅತ್ಲು.’

ನೋಡಿ ಕೊಡಿ ಎಂದಿದ್ದಳು. ಎರಡು ಸಲ ಹೇಳಿದ್ದಳು. ಒಂದು ವರ್ಷ ಊರೂರು ಸುತ್ತಿ ಅವನು ಎಲ್ಲರನ್ನೂ ನೋಡಿದ್ದ, ಅವಳು ಯಾರನ್ನು ನೋಡಿಕೊ ಎಂದಳೋ ಆ ತನ್ನನ್ನೊಬ್ಬನನ್ನು ಬಿಟ್ಟು.

‘ಈ ದುಡ್ಡು ನಂಗೆ ಬ್ಯಾಡ’ ಎಂದಳು ಪೆದ್ದಮ್ಮ. ‘ನಂದೊಂದು ನಿನ್ ತಾವ ಐತೆ, ಅದನ್ನ ಕೊಡು. ಜನದ ಮುಂದೆ ನೀರು ಅಂದ್ಯಲ್ಲ, ಅದೇ ಜಾಗದಲ್ಲಿ ನಿಂತು ಅಲ್ಲ ಅನ್ನು.’

ಮರುದಿನ ಬೆಳಿಗ್ಗೆ ಆರಕ್ಕೆ ಡೈರಿಯ ಸಾಲಿನ ಕೊನೆಗೆ ಚಲಪತಿ ಬರಿಗೈಯಲ್ಲಿ ನಿಂತಿದ್ದ. ಈಗ ಹಾಲು ನೋಡುವುದು ಯಂತ್ರ. ಅದನ್ನು ನಡೆಸುವವಳು ಇವನ ಕೈಯಲ್ಲೇ ಕೆಲಸ ಕಲಿತ ಲಿಖಿತ.

‘ಸರ್, ಕ್ಯಾನೆಲ್ಲಿ?’ ಎಂದಳು.

‘ಕ್ಯಾನಿಲ್ಲಮ್ಮ.’ ಅವನು ಸಾಲಿನ ಕಡೆ ತಿರುಗಿದ. ಮೂವತ್ತು ವರ್ಷ ಕೂಗಿದ ಅದೇ ಜಾಗದಲ್ಲಿ ನಿಂತು ಹೇಳಿದ. ‘ಆರು ವರ್ಸದ ಇಂದೆ ಇಲ್ಲಿ ಪೆದ್ದಮ್ಮನ ಹಾಲು ಚೆಲ್ಲಿಸ್ದೆ. ನೀರು ಅಂದೆ. ಅದ್ರಲ್ಲಿ ನೀರಿರಲಿಲ್ಲ. ಆಕೆ ಹಸುಗೆ ಮೇವಿರಲಿಲ್ಲ, ಅಷ್ಟೇ. ಕೊಟ್ಟಿಗೆಗೆ ಓಗಿ ನೋಡ್ಬೇಕಾಗಿತ್ತು, ನಾನು ಓಗ್ಲಿಲ್ಲ. ತಪ್ಪು ನಂದು.’

ಒಬ್ಬಿಬ್ಬರು ‘ಯಾವ ಪೆದ್ದಮ್ಮ?’ ಎಂದು ಪಿಸುಗುಟ್ಟಿದರು. ಯಾರೋ ಕಿಸಕ್ಕೆಂದು ನಕ್ಕರು. ಊರೆಲ್ಲ ಸೂರೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ ಎಂದು ಒಬ್ಬ ಅಜ್ಜ ಗೊಣಗಿದ. ಮುಗಿಯಿತು ಎಂದುಕೊಂಡು ಚಲಪತಿ ಹೊರಡುವಷ್ಟರಲ್ಲಿ ಸಾಲಿನ ಮಧ್ಯದಲ್ಲಿ ಕ್ಯಾನು ಹಿಡಿದು ನಿಂತಿದ್ದ ಮುನಿಲಕ್ಷ್ಮಿ ಕೇಳಿದಳು.

‘ಚಲಪತಣ್ಣ, ನಮ್ಮತ್ತೆ ಹಾಲೂ ಅಂಗೇ ಚೆಲ್ಲಿಸಿದ್ರಲ್ಲ. ಸಾಯೋವರ್ಗೂ ನಾನು ನೀರು ಆಕಿಲ್ಲ, ಆಕಿಲ್ಲ ಅಂತಾನೇ ಇದ್ಲು. ಅದ್ಕೇನಂತೀರಾ?’

ನೀರು ಇತ್ತೋ ಇಲ್ಲವೋ, ಇನ್ನು ಯಾರಿಗೂ ಗೊತ್ತಾಗುವಂತಿಲ್ಲ. ‘ಗೊತ್ತಿಲ್ಲ ಕಣಮ್ಮ’ ಎಂದ. ಅಷ್ಟು ಜನರ ಮುಂದೆ ಅವನು ಆ ಮಾತು ಹೇಳಿದ್ದು ಅದೇ ಮೊದಲು.

ಎಡೆ ಇಡುವ ಮುಂಚೆ ಕೊಡಬೇಕು ಎಂದು ಹೆಂಡತಿ ಹೇಳಿದ್ದಳಲ್ಲ. ಹಾಗಾಗಿ ಡೈರಿಯಿಂದ ನೆಟ್ಟಗೆ ಮಾರಿಕುಪ್ಪಂಗೆ ಹೋದ. ದಾರಿಯಲ್ಲಿ ಬೇಕರಿಯಲ್ಲಿ ಇಳಿದು, ‘ನಾನು ಏಳಿದ್ದು ಸುಳ್ಳಾಯ್ತು, ಬನ್ನು ಕಳಿಸಪ್ಪಾ’ ಎಂದ. ‘ನಿನ್ನ ಮಾತು ಕಟ್ಟಿಕೊಂಡು ಎರಡು ತಿಂಗಳು ಪಾಪ ಕಟ್ಕೊಂಡೆನಲ್ಲೋ!’ ಎಂದು ಕುಪ್ಪುಸ್ವಾಮಿ ತಮಿಳಿನಲ್ಲೂ ಕನ್ನಡದಲ್ಲೂ ಬೈದ. ಆಮೇಲೆ ಮೂವತ್ತು ಬನ್ನು ಇವನ ಗಾಡಿಗೇ ಕಟ್ಟಿದ.

ಶ್ಯಾಮಲಾಳ ಕೈಗೆ ಹಳದಿ ಗಂಟು ಕೊಟ್ಟಾಗ ಅವಳು, ‘ರಸೀದಿ ಇಲ್ಲ ಅಣ್ಣ, ಒಂದು ಹಾಳೇಲಿ ಬರೆದುಕೊಡ್ಲಾ?’ ಎಂದಳು.

‘ಬ್ಯಾಡಮ್ಮ. ಒಂದೇ ಮಾತು. ಮೊದ್ಲು ಆ ಹಸುಗೆ ಹಿಂಡಿ, ಬೂಸಾ ತರಿಸು. ತಿಂಗಳು ತಿಂಗಳೂ ತರಿಸು. ಹಸು ಹೊಟ್ಟೆ ತುಂಬಿದ್ರೆ ಮಕ್ಕಳ ಲೋಟ ತಾನಾಗೇ ಗಟ್ಟಿ ಆಯ್ತದೆ. ಇದೊಂದು ನಂಗೆ ನಿಜವಾಗ್ಲೂ ಗೊತ್ತಿರೋ ವಿಷ್ಯ.’

ಮೇವಿನ ಸುದ್ದಿ ಕೇಳಿ ಪೆದ್ದಮ್ಮ, ‘ನಂಗೆ ಅಂದಿದ್ರೆ ಬ್ಯಾಡ ಅಂತಿದ್ದೆ. ಹಸು ಬೇಕು ಅಂತೈತೆ, ನಾನೇನು ಮಾಡ್ಲಿ’ ಎಂದಳು. ಚಲಪತಿ ಡೈರಿಯಲ್ಲಿ ಮಾತಾಡಿದ ಸುದ್ದಿಯನ್ನು ಅವಳು ಕೇಳಲೂ ಇಲ್ಲ, ಇವನು ಹೇಳಲೂ ಇಲ್ಲ. ಆದರೆ ಹೊರಡುವಾಗ ಒಂದು ಚೊಂಬು ಹಾಲು ಕೊಟ್ಟು, ‘ಅವಳ ಎಡೆಗೆ ಇಕ್ಕು’ ಎಂದಳು. ಮಧ್ಯಾಹ್ನ ಆ ಇಪ್ಪತ್ನಾಲ್ಕು ಡಿಗ್ರಿಯ ಹಾಲಿನಲ್ಲೇ ವನಿತಾ ಪಾಯಸ ಮಾಡಿದಳು.

ಎಡೆಯ ಮುಂದೆ ಕೈಮುಗಿದು ಕೂತವನಿಗೆ ಈಗಲಾದರೂ ಸಮಾಧಾನ ಸಿಗಬೇಕಿತ್ತು. ಸಿಗಲಿಲ್ಲ. ಒಂದೊಂದೇ ಹೆಸರು ನೆನಪಿಗೆ ಬರತೊಡಗಿತು. ಮುನಿಲಕ್ಷ್ಮಿಯ ಅತ್ತೆ. ಕೆರೆ ಹಿಂದಿನ ಮನೆಯ ಇಂದ್ರಾಣಿ. ಎರಡು ಹಸು ಮಾರಿ ಕೂಲಿಗೆ ಹೋದ ಚಿರಂಜೀವಿ. ಮದುವೆಗೆ ಕರೆಯದ ಬಾಮೈದ. ಅವರಲ್ಲಿ ನೀರು ಹಾಕಿದವರೂ ಇದ್ದರು, ಅದು ನಿಜ. ಹಾಕದವರು ಎಷ್ಟು ಜನ?

ಮಾರನೆಯ ದಿನ ಬೆಳಿಗ್ಗೆ ಅವನು ಮತ್ತೆ ಗಾಡಿ ತೆಗೆದ. ಲ್ಯಾಕ್ಟೋಮೀಟರು ದೇವರ ಗೂಡಿನಲ್ಲಿ, ಮುಡುಪು ಇದ್ದ ಜಾಗದಲ್ಲೇ ಇತ್ತು. ಗಾಡಿಯ ಹಿಂದೆ ಒಂದು ಮೂಟೆ ಬೂಸಾ ಕಟ್ಟಿದ್ದ.

‘ಮಾವ, ಅತ್ತೆ ದುಡ್ಡು ಕೊಟ್ಟಾಯ್ತಲ್ಲ. ಇನ್ನೆಲ್ಲಿಗೆ?’ ಎಂದಳು ವನಿತಾ.

‘ಇನ್ನೊಂದು ಮನೆ ನೋಡೋದೈತೆ ಕಣಮ್ಮ’ ಎಂದ ಚಲಪತಿ.